ಅಮ್ಮನ ಬಟ್ಟಲಲ್ಲಿ ಉಂಡ ನಾಯಿ

ಕಳೆದ ವಾರ ಐರ್ಲೆಂಡಿನಿಂದ ಪಾರ್ಸೆಲ್ ಬಂತು. ಒಳಗೆ ನಮ್ಮದೇ ಸ್ಟೀಲ್ ಬಟ್ಟಲು. ಅಂಚಿನಲ್ಲಿ ಕೊರೆಸಿದ್ದ ಅಮ್ಮನ ಹೆಸರು ಅರ್ಧ ಸವೆದಿತ್ತು. ತನ್ನ ದೊಡ್ಡಮ್ಮ ತೀರಿಕೊಂಡರು, ಇದನ್ನು ನಿಮಗೆ ತಲುಪಿಸಲು ಹೇಳಿದ್ದರು ಎಂದು ಟೀಚರ್ ಅವರ ತಂಗಿಯ ಮಗಳು ಚೀಟಿ ಬರೆದಿದ್ದಳು.

ನಾವು ದುಬೈಯ ಮಿರ್ದಿಫ್‌ನಲ್ಲಿದ್ದಾಗ ಅವರು ಪಕ್ಕದ ವಿಲ್ಲಾದವರು. ಶಾಲೆಯಲ್ಲಿ ಕಲಿಸುತ್ತಿದ್ದುದರಿಂದ ನಮಗೆ ಬರೀ ‘ಟೀಚರ್’. ಒಂಟಿ ಹೆಂಗಸು, ಜೊತೆಗೊಂದು ಬೂದು ಬಣ್ಣದ ಮುದಿ ನಾಯಿ. ಶುಕ್ರವಾರ ಮಧ್ಯಾಹ್ನ ಕಣ್ಣು ಮುಚ್ಚಿ ಚಪ್ಪಟೆ ಡೋಲೊಂದನ್ನು ಬಡಿಯುತ್ತಿದ್ದರು. ಅದು ಆತ್ಮಗಳೊಡನೆ ಮಾತಾಡುವ ಶಾಮನರು ಎಂಬವರ ಈಗಿನ ಪದ್ಧತಿಯಂತೆ. ಡೋಲಿನ ಸದ್ದಿನಲ್ಲಿ ಮನಸ್ಸು ಪ್ರಯಾಣ ಹೊರಡುತ್ತದೆ, ಒಂದು ಪ್ರಾಣಿ ಮುಂದೆ ನಡೆದು ದಾರಿ ತೋರಿಸುತ್ತದೆ, ತನಗೆ ಯಾವಾಗಲೂ ನಾಯಿಯೇ ಬರುವುದು ಎನ್ನುತ್ತಿದ್ದರು. ಡೋಲು ಶುರುವಾದರೆ ಅವರ ನಾಯಿಯೂ ಊಳಿಡುತ್ತಿತ್ತು.

“ನಮ್ಮೂರಲ್ಲಿ ದೈವದ ಪಾತ್ರಿಗೆ ಮೈಮೇಲೆ ದರ್ಶನ ಬರ್ತದೆ, ಇಲ್ಲಿ ನಾಯಿಗೆ ಮಾರಾಯ್ರೆ” ಎಂದು ಗಂಡನ ಹತ್ತಿರ ನಗುತ್ತಿದ್ದೆ.

ಆ ನಗು ಅಮ್ಮ ಉಡುಪಿಯ ಆಸ್ಪತ್ರೆ ಸೇರುವವರೆಗೆ. ನನ್ನ ಪಾಸ್‌ಪೋರ್ಟ್ ವೀಸಾ ಸ್ಟ್ಯಾಂಪಿಂಗಿಗೆ ಹೋಗಿತ್ತು, ಹೊರಡುವ ಹಾಗಿರಲಿಲ್ಲ. ಆ ಶುಕ್ರವಾರ ನಾಯಿ ಮತ್ತೆ ಊಳಿಟ್ಟಿತು. ನಾಯಿ ಊಳಿಟ್ಟರೆ ಸಾವು ಎಂದು ಕೇಳಿಯೇ ಬೆಳೆದವಳು ನಾನು... ಅವರ ಗೇಟು ಬಡಿದು, ಹರಕು ಇಂಗ್ಲಿಷಿನಲ್ಲಿ ಬಾಯಿಗೆ ಬಂದಂತೆ ಬೈದೆ. ಟೀಚರ್ ಡೋಲು ಕೆಳಗಿಟ್ಟು ನನ್ನನ್ನು ಕೂರಿಸಿದರು. ತಮ್ಮ ನಾಡಿನ ಹಳೆಯ ಕೆಲ್ಟಿಕ್ ಕಥೆಗಳಲ್ಲೂ ಆಚೆ ಲೋಕದ ಬಾಗಿಲಲ್ಲಿ ನಾಯಿ ನಿಂತಿರುತ್ತದೆ, ಗಾಯ ನೆಕ್ಕಿ ವಾಸಿ ಮಾಡುವುದೂ ಅದೇ ಎಂದರು. ಅದು ಯಾರನ್ನೂ ಕರೆಯುವುದಿಲ್ಲ, ಹೊರಟವರು ದಾರಿ ತಪ್ಪದಂತೆ ಮುಂದೆ ನಡೆಯುತ್ತದೆ, ಅದಿದ್ದರೆ ಯಾರೂ ಒಬ್ಬರೇ ಹೋಗುವುದಿಲ್ಲ ಎಂದರು. ನಾನು ಎದ್ದು ಬಂದೆ.

ಭಾನುವಾರ ಬೆಳಿಗ್ಗೆ ತಮ್ಮನ ಫೋನ್.

“ಅಮ್ಮ ಹೋದ್ರು ಅಕ್ಕ. ನಾನು ಚಾ ಕುಡಿಲಿಕ್ಕೆ ಕೆಳಗೆ ಹೋಗಿದ್ದೆ... ಹತ್ತಿರ ಯಾರೂ ಇರ್ಲಿಲ್ಲ.”

ಆ ಕೊನೆಯ ಮಾತು ನನ್ನನ್ನು ಕೊಂದಿತು. ಊರಲ್ಲಿ ಸಂಸ್ಕಾರ ಮುಗಿಯಿತೆಂದು ತಿಳಿದ ಮೇಲೆ, ಸಂಜೆ ಕುಚ್ಚಲಕ್ಕಿ ಅನ್ನ ಮಾಡಿದೆ. ಮೊದಲ ಹಿಡಿ ಅಂಗಳದ ನಾಯಿಗೆ ಹಾಕದೆ ಅಮ್ಮ ಒಂದು ದಿನವೂ ಉಂಡವಳಲ್ಲ. ಅವಳು ಕೊಟ್ಟಿದ್ದ ಬಟ್ಟಲಲ್ಲಿ ಒಂದು ಹಿಡಿ ಅನ್ನ ಹಾಕಿಕೊಂಡು ಪಕ್ಕದ ಮನೆಗೆ ಹೋದೆ. ಟೀಚರ್ ಗೇಟು ತೆರೆದರು. ಪ್ಯಾಕೆಟ್ ತಿಂಡಿಯಲ್ಲೇ ಬೆಳೆದ ನಾಯಿ ಮೂಸಿ ನೋಡಿ, ಒಂದು ಅಗುಳನ್ನೂ ಬಿಡದೆ ತಿಂದಿತು. ಆಮೇಲೆ ನನ್ನ ಕೈ ನೆಕ್ಕಿತು. ಅದುವರೆಗೆ ನಾಯಿಯನ್ನು ಮುಟ್ಟಿದವಳೇ ಅಲ್ಲ ನಾನು.

“ಅಮ್ಮನನ್ನು ಸರಿಯಾಗಿ ಮುಟ್ಟಿಸಿದ್ಯಾ?” ಎಂದು ಅದನ್ನೇ ಕೇಳಿ ಅತ್ತೆ. ಭಾಷೆ ತಿಳಿಯದಿದ್ದರೂ ಟೀಚರ್ ಬೆನ್ನು ಸವರುತ್ತಾ ಕೂತಿದ್ದರು. ಬಟ್ಟಲು ಅಲ್ಲೇ ಉಳಿಯಿತು.

ಎರಡು ವರ್ಷದ ಮೇಲೆ ಅವರು ನಾಯಿಯೊಂದಿಗೆ ಊರಿಗೆ ಮರಳಿದರು. ನಾವು ಅಬುಧಾಬಿಯ ಹಮ್ದಾನ್ ಸ್ಟ್ರೀಟಿಗೆ ಬಂದೆವು. ಹೊಸ ವಿಳಾಸ ಕಳಿಸಿದ್ದಕ್ಕೆ, ನಾಯಿ ಸತ್ತ ಸುದ್ದಿಯ ಒಂದು ಪತ್ರ ಬಂತು: ಅವನು ನನಗಿಂತ ಮೊದಲೇ ಹೋದ, ದಾರಿ ನೋಡಿಟ್ಟಿರುತ್ತಾನೆ. ಉತ್ತರ ಬರೆಯಬೇಕೆಂದುಕೊಂಡೆ... ಆಫೀಸು, ಮಗಳ ಶಾಲೆ, ನಾಳೆ ಬರೆದರಾಯಿತು...

ಕೊನೆಗಾಲದಲ್ಲಿ ಟೀಚರ್ ಹತ್ತಿರವೂ ಯಾರೂ ಇರಲಿಲ್ಲ ಎಂದು ಚೀಟಿಯಲ್ಲಿದೆ.

ಇವತ್ತು ಊಟಕ್ಕೆ ಮುಂಚೆ ಮೊದಲ ಹಿಡಿ ಆ ಬಟ್ಟಲಿಗೆ ಹಾಕಿ ಬಾಲ್ಕನಿಯಲ್ಲಿಟ್ಟೆ.

“ವೀ ಡೋಂಟ್ ಹ್ಯಾವ್ ಎ ಡಾಗ್, ಅಮ್ಮಾ” ಎಂದಳು ಮಗಳು.

“ಟೀಚರಿಗೆ ಇದ್ದಾನೆ. ಅವರು ಒಬ್ಬರೇ ಹೋಗಿಲ್ಲ” ಎಂದೆ.

ಅವರೇ ನನಗೆ ಹೇಳಿದ್ದ ಮಾತು. ಅದನ್ನು ಅವರಿಗೆ ಬರೆಯಲು ಮಾತ್ರ ನನಗೆ ಪುರುಸೊತ್ತಾಗಲಿಲ್ಲ.