ಅತ್ತೆ ಕೆಟ್ಟದ್ದೆಂದ ನಲವತ್ತೊಂದು ಕಪ್‌ಗಳು

ಪಿಂಗಾಣಿ ಕಪ್ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಶೇಕಡ ಎಂದೇ ಕರೆಯುತ್ತಿದ್ದರು. ನೂರಕ್ಕೆ ಎಷ್ಟು ಕಪ್ ಒಡೆದವು ಎಂದು ಬಾಗಿಲ ಪಕ್ಕದ ಹಲಗೆಯ ಮೇಲೆ ದಿನಾ ಬರೆಯುವುದೇ ಅವನ ಉದ್ಯೋಗ. ಸಂಖ್ಯಾಶಾಸ್ತ್ರದಲ್ಲಿ ಪದವಿ ಪಡೆದಿದ್ದ. ಪಡೆದಿದ್ದ ಎನ್ನುವುದಕ್ಕಿಂತ ಪದವಿಯೇ ಕನಿಕರಪಟ್ಟು ಅವನ ಕೈಹಿಡಿದಿತ್ತು ಎಂದರೆ ಸರಿ.

ಈ ಕೆಲಸ ಕೊಡಿಸಿದ್ದು ಅವನ ಸೋದರತ್ತೆ. ಭಟ್ಟಿಯಿಂದ ಹೊರಬಂದ ಕಪ್‌ಗಳನ್ನು ಒಂದೊಂದಾಗಿ ಎಡ ಅಂಗೈ ಮೇಲೆ ಕೂರಿಸಿಕೊಂಡು, ಮರದ ಕಡ್ಡಿಯಿಂದ ತಟ್ಟಿ ಕಿವಿಗೊಡುವುದು ಇಪ್ಪತ್ತಾರು ವರ್ಷಗಳಿಂದ ಅವರ ಕೆಲಸ. ‘ಟಿಣ್’ ಎಂದರೆ ಒಳ್ಳೆಯದು. ‘ಟಪ್’ ಎಂದರೆ ಒಳಗೆಲ್ಲೋ ಕಣ್ಣಿಗೆ ಕಾಣದ ಬಿರುಕು, ಬುಟ್ಟಿಗೆ. ತಟ್ಟುವಾಗ ಯಾರಾದರೂ ಹರಟಿದರೆ ಕಡ್ಡಿ ಅವರ ತಲೆಯ ಮೇಲೂ ಒಂದು ಸಲ ಆಡುತ್ತಿತ್ತು. “ಟಪ್ ಅಂತು, ಕೇಳಿಸ್ತಾ?” ಎನ್ನುತ್ತಿದ್ದರು. ಶೇಕಡನ ತಲೆ ಎಂದೂ ‘ಟಿಣ್’ ಎಂದಿರಲಿಲ್ಲ.

ಹೊಸದಾಗಿ ಬಂದ ಮ್ಯಾನೇಜರ್ ಒಂದು ದಿನ ಶೇಕಡನನ್ನು ಮಹಡಿಗೆ ಕರೆಸಿದರು.

“ಕಪ್ ಯಾಕೆ ಒಡೀತವೆ ಅಂತ ಕಂಡುಹಿಡೀರಿ. ಯಾವುದು ಪರಿಣಾಮ ಬೀರುತ್ತೋ ಅದನ್ನ ಇಟ್ಕೊಳ್ಳೋಣ, ಬೀರದ್ದನ್ನ ಕೈಬಿಡೋಣ. ಸಾಫ್ಟ್‌ವೇರ್ ಇದೆಯಲ್ಲ?”

ಶೇಕಡನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆಗುವುದಿದ್ದರೆ ಇದರಿಂದಲೇ ಎಂದುಕೊಂಡ. ಎಂಟು ದಿನ ಕುಳಿತು ಆರುನೂರು ಕಪ್‌ಗಳ ತಳಕ್ಕೆ ನಂಬರು ಬರೆದ. ಪ್ರತಿಯೊಂದಕ್ಕೂ ಭಟ್ಟಿಯ ಶಾಖ ಎಷ್ಟಿತ್ತು, ಮಣ್ಣು ಎಷ್ಟು ದಿನ ಒಣಗಿತ್ತು, ತಟ್ಟಿದಾಗ ಅತ್ತೆ ಏನೆಂದರು ಎಂದು ದಾಖಲಿಸಿದ. ಆಮೇಲೆ ಒಳ್ಳೆಯದು ಕೆಟ್ಟದ್ದು ಎನ್ನದೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ಮುಳುಗಿಸಿ, ತಣ್ಣೀರಿಗೆ ಹಾಕಿ, ಒಡೆಯಿತೋ ಇಲ್ಲವೋ ನೋಡಿದ.

ಒಡೆಯಿತು, ಒಡೆಯಲಿಲ್ಲ ಎಂಬ ಎರಡೇ ಉತ್ತರವಿದ್ದಾಗ ಜನರಲೈಸ್ಡ್ ಲೀನಿಯರ್ ಮಾಡೆಲ್ ಎಂಬ ಲೆಕ್ಕದ ಸೂತ್ರ ಹೊಂದಿಸಬೇಕು ಎನ್ನುವುದು ಅವನಿಗೆ ನೆನಪಿತ್ತು. ಯಾಕೆ ಎನ್ನುವುದು ನೆನಪಿರಲಿಲ್ಲ. ಒಂದು ಸಾಲು ಟೈಪು ಮಾಡಿ ಗುಂಡಿ ಒತ್ತಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೋಷ್ಟಕ ಬಂತು. ಭಟ್ಟಿಯ ಶಾಖದ ಮುಂದೆ ಮೂರು ನಕ್ಷತ್ರ! ಒಣಗಿದ ದಿನಗಳ ಮುಂದೆ ಒಂದು! ನಕ್ಷತ್ರವಿದ್ದರೆ ಆ ಸಂಗತಿ ಬರೀ ಆಕಸ್ಮಿಕವಲ್ಲ, ನಿಜಕ್ಕೂ ಪರಿಣಾಮ ಬೀರುತ್ತದೆ ಎಂದರ್ಥ. ಕೆಳಗೆ ಕೆಂಪಕ್ಷರದಲ್ಲಿ ಏನೋ ಒಂದು ಎಚ್ಚರಿಕೆಯೂ ಇತ್ತು. ಕೆಂಪಕ್ಷರವೆಂದರೆ ಅವನಿಗೆ ಔಷಧಿ ಡಬ್ಬದೊಳಗಿನ ಮಡಿಸಿದ ಚೀಟಿ ಇದ್ದಂತೆ: ಇರುತ್ತದೆ, ಯಾರೂ ಓದುವುದಿಲ್ಲ. ತಿರುಗು ಕುರ್ಚಿಯಲ್ಲಿ ಮೂರು ಸುತ್ತು ತಿರುಗಿ, ಕಾಗದ ಮುದ್ರಿಸಿಕೊಂಡು, ತಲೆ ಸುತ್ತುತ್ತಿದ್ದಂತೆಯೇ ಮೆಟ್ಟಿಲು ಹತ್ತಿ ಓಡಿದ.

ಅರ್ಧ ಮೆಟ್ಟಿಲಲ್ಲಿ ಕಾಲು ನಿಂತಿತು. ಕೋಷ್ಟಕದಲ್ಲಿ ಅತ್ತೆಯ ತೀರ್ಪಿನ ಸಾಲಿನ ಮುಂದೆ ಬಟಾಬಯಲು. ಒಂದು ನಕ್ಷತ್ರವೂ ಇಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಮೇಲಿನಿಂದಲೇ ಕೈಚಾಚಿ ಕಾಗದ ಎಳೆದುಕೊಂಡರು. “ಓ! ಅಂದ್ರೆ ಆಯಮ್ಮ ತಟ್ಟಿದ್ರೂ ಒಂದೇ, ಬಿಟ್ರೂ ಒಂದೇ?”

“ಹಾಗೇ... ಕಾಣ್ಸುತ್ತೆ ಸಾರ್.”

“ಸರಿ. ನಾಳೆಯಿಂದ ಅವರನ್ನ ಪ್ಯಾಕಿಂಗ್‌ಗೆ ಹಾಕೋಣ.”

ಉಂಡ ಮನೆಗೆ ಎರಡು ಬಗೆಯುವುದಕ್ಕೆ ಹೆಚ್ಚು ಹೊತ್ತೇನೂ ಬೇಕಾಗುವುದಿಲ್ಲ ಎಂದು ಶೇಕಡನಿಗೆ ಅವತ್ತು ತಿಳಿಯಿತು.

ಊಟದ ಬಿಡುವಿನಲ್ಲಿ ಅತ್ತೆಯ ಮುಂದೆ ಹೋಗಿ ನಿಂತ.

“ಏನೋ, ಮುಖ ಹರಳೆಣ್ಣೆ ಕುಡಿದ ಹಾಗಿದೆ?”

“ಅತ್ತೆ, ನೀವು ತಟ್ಟೋದ್ರಿಂದ ಅಷ್ಟೇನೂ ಪರಿಣಾಮ ಇಲ್ವಂತೆ. ನಾಳೆಯಿಂದ ನಿಮ್ಮನ್ನ ಪ್ಯಾಕಿಂಗ್‌ಗೆ ಹಾಕ್ತಾರಂತೆ.”

“ಇಲ್ವಂತೆ ಅಂತ ಯಾರಂದ್ರು?”

“ಸಾಫ್ಟ್‌ವೇರ್.”

“ಅದಕ್ಕೆ ಕಿವಿ ಇದೆಯೇನೋ?” ಅತ್ತೆ ಕಡ್ಡಿಯನ್ನು ಮಡಿಲಲ್ಲಿಟ್ಟುಕೊಂಡರು. “ಇರಲಿ. ನಾನು ಕೆಟ್ಟದ್ದು ಅಂದಿದ್ರಲ್ಲಿ ಎಷ್ಟು ಒಡೀದೆ ಉಳಿದ್ವು, ಅದನ್ನ ಹೇಳು.”

ಮಾಡೆಲ್ ಹೊಂದಿಸುವ ಸಡಗರದಲ್ಲಿ ಶೇಕಡ ಅದೊಂದನ್ನು ಎಣಿಸಿಯೇ ಇರಲಿಲ್ಲ.

“ಎಣಿಸಿಲ್ವಾ?” ಅತ್ತೆ ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡರು. “ಇಪ್ಪತ್ತಾರು ವರ್ಷದ ಜಾಗ ಕಿತ್ಕೊಳ್ಳೋನು ಬೆರಳಲ್ಲಾದ್ರೂ ಎಣಿಸಬಾರದೇನೋ? ಕೆಲವು ಕೆಟ್ಟವು ನನ್ನ ಕಿವಿ ತಪ್ಪಿಸಿಕೊಂಡು ಹೋಗ್ತವೆ, ಒಪ್ಕೋತೀನಿ. ಆದ್ರೆ ಒಳ್ಳೇದರ ಮೇಲೆ ನಾನು ಯಾವತ್ತೂ ಅಪವಾದ ಹೊರಿಸಿಲ್ಲ ಕಣೋ.”

ಶೇಕಡ ಬಿದ್ದಂಬೀಳ ಓಡಿ ಕಂಪ್ಯೂಟರಿನ ಮುಂದೆ ಕುಳಿತ. ಅತ್ತೆ ಕೆಟ್ಟದ್ದೆಂದ ಕಪ್‌ಗಳು ನಲವತ್ತೊಂದು. ಒಡೆದವು ನಲವತ್ತೊಂದು. ಉಳಿದವು ಸೊನ್ನೆ. ಮೂರು ಸಲ ಎಣಿಸಿದ. ಸೊನ್ನೆ ಸೊನ್ನೆಯಾಗಿಯೇ ಇತ್ತು.

ಆಗ ಕೆಂಪಕ್ಷರವನ್ನು ಓದಿದ. ಕೆಲವು ಅಂದಾಜುಗಳು ಸಂಪೂರ್ಣ ಸೊನ್ನೆಗೋ ಸಂಪೂರ್ಣ ಒಂದಕ್ಕೋ ಮುಟ್ಟಿವೆ, ಜೋಕೆ, ಎಂದು ಅದು ಪಾಪ ಮೊದಲೇ ಕೂಗಿಕೊಂಡಿತ್ತು. ಅತ್ತೆ ‘ಟಪ್’ ಎಂದರೆ ಕಪ್ ಒಡೆಯುವ ಸಂಭವ ಎಷ್ಟು ಪಟ್ಟು ಹೆಚ್ಚು ಎಂದು ಹುಡುಕಲು ಸಾಫ್ಟ್‌ವೇರ್ ಹೊರಟಿತ್ತು. ನೂರು ಪಟ್ಟೇ? ಸಾಲದು. ಲಕ್ಷ ಪಟ್ಟೇ? ಸಾಲದು. ಕೋಟಿ? ಅದೂ ಸಾಲದು! ಒಂದೇ ಒಂದು ಕಪ್ ಒಡೆಯದೆ ಉಳಿದಿದ್ದರೆ ಎಲ್ಲಾದರೂ ನಿಲ್ಲಲು ನೆಲೆ ಸಿಗುತ್ತಿತ್ತು. ಸಿಗದೆ, ಏದುಸಿರು ಬಿಡುತ್ತ ಹದಿನೆಂಟನೇ ಸುತ್ತಿಗೆ ಕುಕ್ಕರಿಸಿ, ಒಂದು ಭಾರೀ ಸಂಖ್ಯೆ ಗೀಚಿ, ಪಕ್ಕದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದೊಂದು ಅನುಮಾನವನ್ನೂ ಗೀಚಿ ಕೈತೊಳೆದುಕೊಂಡಿತ್ತು. ಅಷ್ಟು ಅನುಮಾನವಿದ್ದ ಮೇಲೆ ನಕ್ಷತ್ರ ಎಲ್ಲಿಂದ ಬರಬೇಕು? ಅತ್ತೆ ನಾಲ್ಕು ಸಲ ಎಡವಿದ್ದರೆ ನಕ್ಷತ್ರಗಳು ಸುರಿಯುತ್ತಿದ್ದವು. ಎಡವದೇ ಇದ್ದದ್ದೇ ತಪ್ಪಾಯಿತು!

ಶೇಕಡ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಹೋದ.

“ಸಾರ್, ನಾನು ಕತ್ತೆ.”

“ಅದು ಹಳೇ ಸುದ್ದಿ. ಹೊಸದೇನು?”

ಅವನು ಎಲ್ಲ ಹೇಳಿದ. ಮ್ಯಾನೇಜರ್ ಕುರ್ಚಿಗೆ ಒರಗಿದರು. “ಬೆಳಿಗ್ಗೆ ಒಂದು ಮಾತು, ಮಧ್ಯಾಹ್ನ ಒಂದು ಮಾತು! ಅತ್ತೆ ಪರ ವಕಾಲತ್ತಾ? ತಟ್ಟೋದೇನು ಮಹಾ ವಿದ್ಯೆ ರೀ? ನಾನೂ ತಟ್ತೀನಿ. ತರಿಸಿ ಕಪ್.”

ಭಟ್ಟಿಯ ಅಂಗಳದಲ್ಲಿ ಅರವತ್ತು ಕಪ್ ಸಾಲಾಗಿ ನಿಂತವು. ಪ್ಯಾಕಿಂಗಿನವರು, ಭಟ್ಟಿಯವರು, ಬಣ್ಣದವರು ಎಲ್ಲ ಕೆಲಸ ಬಿಟ್ಟು ಸುತ್ತುಗಟ್ಟಿದರು. ಮ್ಯಾನೇಜರ್ ಅಂಗಿಯ ತೋಳು ಮಡಚಿ, ಪೆನ್ನಿನಿಂದ ತಟ್ಟಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಹನ್ನೆರಡು ಕಪ್ ಕೆಟ್ಟವೆಂದರು. ಅವರ ಆಯ್ಕೆ ನೋಡದೆ ಆಮೇಲೆ ಬಂದ ಅತ್ತೆ ನಾಲ್ಕೇ ನಾಲ್ಕು ಎಂದರು. ಶೇಕಡ ಎರಡನ್ನೂ ಬರೆದುಕೊಂಡು ಎಲ್ಲವನ್ನೂ ಕುದಿನೀರಿಗಿಳಿಸಿ, ತಣ್ಣೀರಿಗೆ ಸುರಿದ.

ಪಟ್, ಪಟ್, ಪಟ್. ಒಂದು ಕ್ಷಣ ಬಿಟ್ಟು, ಮತ್ತೊಂದು ಪಟ್.

ಅತ್ತೆಯ ನಾಲ್ಕೂ ಹೋಳು. ಮ್ಯಾನೇಜರ್ ದೂರಿದ ಹನ್ನೆರಡರಲ್ಲಿ ಒಂದು ಮಾತ್ರ ಒಡೆದಿತ್ತು, ಅದೂ ಅತ್ತೆಯ ನಾಲ್ಕರಲ್ಲೊಂದು. ಮಿಕ್ಕ ಹನ್ನೊಂದು ಸ್ನಾನ ಮುಗಿಸಿದ ಮಕ್ಕಳಂತೆ ಫಳಫಳ ಹೊಳೆಯುತ್ತಿದ್ದವು.

“ನಂದನ್ನೂ ಆ ಮಾಡೆಲ್‌ಗೆ ಹಾಕ್ರೀ,” ಎಂದರು ಮ್ಯಾನೇಜರ್, ಛಲ ಬಿಡದೆ.

ಶೇಕಡ ಓಡಿಹೋಗಿ ಹಾಕಿಕೊಂಡು ಬಂದ. “ನಿಮ್ದು ತುಂಬ ಚೆನ್ನಾಗಿ ಹೊಂದ್ಕೊಂಡಿದೆ ಸಾರ್. ಒಂದೇ ಒಂದು ಎಚ್ಚರಿಕೆಯೂ ಬರಲಿಲ್ಲ.”

“ಅಂದ್ರೆ?”

“ಅಂದ್ರೆ ಬೇಕಾದಷ್ಟು ತಪ್ಪು ಮಾಡಿದ್ದೀರಿ ಸಾರ್.”

ಅಂಗಳವೆಲ್ಲ ಘೊಳ್ಳೆಂದಿತು. ಶೇಕಡ ನಾಲಿಗೆ ಕಚ್ಚಿಕೊಂಡ. ಹೊರಟ ಮಾತು ಹೊರಟಾಗಿತ್ತು. ಮ್ಯಾನೇಜರ್ ಆ ಹನ್ನೊಂದು ಕಪ್‌ಗಳನ್ನು ನೋಡಿ ತಾವೂ ನಕ್ಕುಬಿಟ್ಟರು.

“ಆಯ್ತಮ್ಮ. ಪ್ಯಾಕಿಂಗ್ ಬೇಡ. ನಾಳೆಯೂ ನಿಮ್ಮ ಜಾಗದಲ್ಲೇ ಕೂತ್ಕೊಳ್ಳಿ.”

“ನಾಳೆ ಆಗಲ್ಲ ಸಾರ್,” ಎಂದರು ಅತ್ತೆ. “ನಾಳೆ ನಂಗೆ ರಜೆ ಬೇಕು. ಈ ಒಂದು ದಿನದಲ್ಲಿ ಮೂರು ವರ್ಷದಷ್ಟು ದಣಿದಿದ್ದೀನಿ. ನಮ್ಮಣ್ಣನ ಮಗ ಕೂತ್ಕೊಳ್ಳಲಿ, ಅವನೂ ಸ್ವಲ್ಪ ಕೇಳಿಸ್ಕೊಳ್ಳಲಿ.”

ಮರುದಿನ ಬೆಳಿಗ್ಗೆ ಶೇಕಡ ಸ್ಟೂಲಿನ ಮೇಲೆ ಕುಳಿತ. ಮುಂದೆ ಒಂಬೈನೂರು ಕಪ್. ಮೊದಲನೆಯದನ್ನು ತಟ್ಟಿದ. ಒಳ್ಳೆಯದು ಎನಿಸಿತು. ಇನ್ನೊಮ್ಮೆ ತಟ್ಟಿದ, ಕೆಟ್ಟದ್ದು ಎನಿಸಿತು. ಮೂರನೇ ಸಲ ತನ್ನ ಕಿವಿಯ ಮೇಲೇ ಅನುಮಾನ ಬಂತು. ಅರ್ಧ ಗಂಟೆ ಕಳೆದರೂ ಒಂದು ಕಪ್ಪೂ ಅತ್ತ ಹೋಗಲಿಲ್ಲ, ಇತ್ತ ಹೋಗಲಿಲ್ಲ. ಕೊನೆಗೆ ಅತ್ತ ಇತ್ತ ನೋಡಿ ಮೊಬೈಲು ತೆಗೆದು ಮನೆಗೆ ಫೋನ್ ಮಾಡಿದ. ಏನೂ ಮಾತಾಡದೆ, ಫೋನನ್ನು ಕಪ್ಪಿನ ಹತ್ತಿರ ಹಿಡಿದು ತಟ್ಟಿದ.

ಆ ಕಡೆ ಅತ್ತೆ ಹಾಸಿಗೆಯಲ್ಲೇ ಮಗ್ಗುಲು ಬದಲಿಸಿದ ಸದ್ದು.

“ಒಳ್ಳೇದು,” ಎಂದರು. “ಹೂಂ, ಮುಂದಿಂದು.”