ಮುಚ್ಚದೆ ಬಿಟ್ಟ ಡಬ್ಬಿ

ನನ್ನ ಮೊಮ್ಮಗಳು ಲ್ಯಾಬಿನಲ್ಲಿ ಬೆಳೆಸಿದ ಜೀವಕಣಗಳು ಬದುಕಿದವು. ಮೆದುಳಿನವೂ ಬದುಕಿದವು, ಲಿವರಿನವೂ ಬದುಕಿದವು, ಒಂದೇ ಡಬ್ಬಿಯೊಳಗೆ. ಪುಣೆಯಿಂದ ಬೆಳಗಿನ ಬಸ್ಸಿಗೆ ಜಮಖಂಡಿಗೆ ಬಂದಿಳಿದವಳು ಹೆಗಲ ಚೀಲ ಇಳಿಸುವ ಮೊದಲೇ ಹೇಳಿದಳು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಹದಿನೈದು ದಿನದಿಂದ ಇದೇ ಹೆದರಿಕೆಯಲ್ಲಿದ್ದೆ.

ಅವಳ ಅಜ್ಜನಿಗೆ ಲಿವರ್ ಕೆಟ್ಟು ಕಡೆಗಾಲಕ್ಕೆ ಬುದ್ಧಿಯೂ ಕದಡಿತ್ತು. ತೊಡೆಯ ಮೇಲೆ ಆಡಿಸಿದ ಮೊಮ್ಮಗಳನ್ನೇ "ಯಾರ ಕೂಸಿದು?" ಎಂದು ಕೇಳಿದ್ದರು. ಲಿವರ್ ಕೆಟ್ಟರೆ ತಲೆ ಯಾಕೆ ಕೆಡುತ್ತದೆ, ನೋಡೇ ಬಿಡುತ್ತೇನೆಂದು ಇವಳು ಎರಡರ ಕಣಗಳನ್ನೂ ಜೊತೆಗೆ ಬೆಳೆಸಲು ಹೊರಟಳು. ಎರಡು ಸಲ ಸತ್ತವು. ಮೂರನೆಯ ಸಲವೂ ಸತ್ತರೆ ಬೇರೆ ವಿಷಯ ಹಿಡಿಯಬೇಕೆಂದು ಅವಳ ಸರ್ ಹೇಳಿದ್ದರು.

ನಮ್ಮ ಮನೆಯಲ್ಲಿ ಫೋನಿಗೆ ಒಂದು ಪದ್ಧತಿ. ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಎಲ್ಲ ಛಲೋ ಎಂದರ್ಥ. ಕಟ್ಟಾಗದೆ ಹೊಡೆದುಕೊಂಡರೆ ಯಾರೋ ಹೋದರು. ಮೂರನೆಯ ಸಲದ ಕಣಗಳು ಬೆಳೆಯುತ್ತಿದ್ದಾಗ, ಹದಿನೈದು ದಿನದ ಹಿಂದೆ, ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ಹಿಟ್ಟಿನ ಬೆರಳಲ್ಲೇ ಅವಳ ನಂಬರು ಒತ್ತಿದೆ. ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು. ಕಟ್ ಮಾಡುವುದು ಮರೆತು ಅತ್ತ ತಿರುಗಿದೆ.

"ಆಯಿ, ಯಾರಿಗೇನಾತು?" ಓಡಿ ಬಂದ ಉಸಿರು.

"ಯಾರಿಗೂ ಏನಾಗಿಲ್ಲ ಯವ್ವಾ. ರೊಟ್ಟಿ ಮಾಡಾಕತ್ತೇನಿ."

"ಡಬ್ಬಿ ಮುಚ್ಚದ ಓಡಿ ಬಂದೇನಿ ಬೇ," ಎಂದಳು.

ಕಣ್ಣಿಗೆ ಕಾಣದ ಧೂಳು ಬಿದ್ದರೂ ಕಣಗಳು ಕೊಳೆಯುತ್ತವಂತೆ. ಅಲ್ಲಿಂದ ನಾನು ಫೋನು ಮುಟ್ಟಲಿಲ್ಲ. ಹಾಲು ಒಡೆದರೂ ಆ ಡಬ್ಬಿಯೇ ನೆನಪಾಗುತ್ತಿತ್ತು. "ರೊಟ್ಟಿ ಉಳಿಸಿದಿ, ಮೆದುಳು ಕಳದಿ," ಎಂದು ಮಗ ಚಾಷ್ಟಿ ಮಾಡಿದ. ಅವತ್ತು ನನಗೆ ಊಟ ಸೇರಲಿಲ್ಲ.

ಈಗ ಕಟ್ಟೆಯ ಮೇಲೆ ಕೂತೇ ಕೇಳಿದೆ: "ಅದಽ ಡಬ್ಬಿ ಏನು?"

"ಅದಽ. ಚೆಲ್ಲಂದ್ರು ಸರ್. ನಾ ಒಲ್ಲೆ ಅಂದೆ."

"ನಾಳೆ ಸತ್ತರ?"

"ಸಾಯಲಿ ಬಿಡು. ಪರೀಕ್ಷೆಗೆ ಎಷ್ಟು ದಿನ ಬದುಕಬೇಕಾಗಿತ್ತೋ ಅಷ್ಟು ದಿನ ಬದುಕ್ಯಾವ. ಸರ್ ಈಗ ಇದಽ ವಿಷಯ ಮುಂದುವರಸು ಅಂದಾರ."

ಸಂಜೆ ಗೋದಿ-ಬೆಲ್ಲದ ಮಾದಲಿ ಮಾಡಿದೆವು. ಮಗ, ಸೊಸೆ, ಮೊಮ್ಮಗಳು ಒಂದೇ ಸಾಲಿಗೆ ಕೂತರು. ನನಗಿನ್ನೂ ಅಂಜಿಕೆ.

"ನೀ ಇಲ್ಲಿ ಬಂದು ಕುಂತಿ. ಆ ಡಬ್ಬ್ಯಾಗಿನವಕ್ಕ ಊಟ ಯಾರು ಹಾಕ್ತಾರ?"

"ಗೆಳತಿ ಹಾಕ್ಯಾಳ, ಆಯಿ. ಈಗ ಮೆಸೇಜ್ ಬಂತು."

ಹಾಗಾದರೆ ಸರಿ ಎಂದು ನಾನೂ ತಾಟು ಹಾಕಿಕೊಂಡು ಅವಳ ಪಕ್ಕ ಕೂತೆ. ಮಾದಲಿಗೆ ಹಾಲು ಸುರಿದು, ಎಲ್ಲರೂ ಉಂಡೆವು.