ಇಲಿಗೆ ದಿನ, ತಂಗಿಗೆ ತಿಂಗಳು

ಇಲಿಯ ಬಸಿರು ನನಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅದೇ ನನ್ನ ಕೆಲಸ. ಯಾದಗಿರಿಯಿಂದ ದಿನಾ ಬೆಳಗಿನ ರೈಲು ಹಿಡಿದು, ಔಷಧಿ ಪರೀಕ್ಷಿಸುವ ಒಂದು ಲ್ಯಾಬಿಗೆ ಹೋಗುತ್ತಿದ್ದೆ. ಗಂಡಿನ ಜೊತೆ ಬಿಟ್ಟ ಹೆಣ್ಣಿಲಿಗಳನ್ನು ನೋಡಿ, ಕೂಡಿದ ಗುರುತು ಸಿಕ್ಕರೆ ಪಂಜರದ ಚೀಟಿಯ ಮೇಲೆ ತಾರೀಖು ಬರೆಯಬೇಕು. ಅಲ್ಲಿಂದ ದಿನ ಎಣಿಸಿ ಫಿಟ್ಸಿನ ಔಷಧಿ ಕುಡಿಸಬೇಕು. ಹೆರುವ ಹಿಂದಿನ ದಿನವೇ ಮರಿಗಳನ್ನು ಹೊರತೆಗೆದು ನೋಡಬೇಕು. ತಡ ಮಾಡಿದರೆ ಊನವಿದ್ದ ಮರಿಯನ್ನು ತಾಯಿಯೇ ತಿಂದುಬಿಡುವುದುಂಟು.

ನೆತ್ತಿ ಮುಚ್ಚದ ಮರಿ, ಬೆನ್ನೆಲುಬು ಕೂಡದ ಮರಿ, ಎಲ್ಲವನ್ನೂ ಭೂತಗನ್ನಡಿಯ ಕೆಳಗೆ ಕಂಡೆ. ಮೊದಲ ವಾರ ಊಟ ಸೇರಲಿಲ್ಲ. ಆಮೇಲೆ ಸೇರಿತು; ಹೊಟ್ಟೆಗೆ ನಾಚಿಕೆಯಿಲ್ಲ. ನಾವು ತೂಗಿ ನೋಡುತ್ತಿದ್ದದ್ದು ಹೊಸ ಔಷಧಿಗಳನ್ನು. ಹೋಲಿಕೆಗೆಂದು ಇಟ್ಟುಕೊಂಡಿದ್ದ ಹಳೆಯ ಔಷಧಿ ಮನುಷ್ಯರ ಮಕ್ಕಳಿಗೂ ಹಾನಿ ಮಾಡಬಹುದೆಂದು ಡಾಕ್ಟರುಗಳಿಗೆ ಮೊದಲೇ ತಿಳಿದಿತ್ತು.

ಆ ಹಳೆಯ ಔಷಧಿಯ ಮಾತ್ರೆಯನ್ನೇ ನನ್ನ ತಂಗಿ ಹೈಸ್ಕೂಲಿನಿಂದ ನುಂಗುತ್ತಿದ್ದಳು. ಅಬ್ಬೆತುಮಕೂರಿನ ಮಠಕ್ಕೆ ಹರಕೆ ಹೊತ್ತಿದ್ದಾಯಿತು, ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಟ್ಟಿದ್ದಾಯಿತು. ನಿಂತಿದ್ದು ಮಾತ್ರೆಯಿಂದ. ಅದನ್ನು ನಾನು ಎಂದೂ ಮರೆತಿಲ್ಲ.

ಶಹಾಪುರದ ಹುಡುಗನ ಜೊತೆ ಅವಳ ಮದುವೆ ಗೊತ್ತಾದಾಗ, ಮೊದಲೇ ಡಾಕ್ಟರನ್ನು ಕೇಳಿ ಮಾತ್ರೆ ಬದಲಿಸಬೇಕೆಂದು ಹೇಳಲು ಸುರಪುರದ ಮನೆಗೆ ಹೋದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಬ್ಯಾನಿ ಮಾತು ಈಗ ತೆಗೀಬ್ಯಾಡ. ಬೀಗರ ಕಿವಿಗಿ ಬಿದ್ದರ ಲಗ್ನ ಮುರೀತದ. ಆಕಿ ಆರಾಮ ಅದಾಳಲ್ಲ, ಬಿಡು."

ಬಿಟ್ಟೆ. ತಂಗಿಗಾದರೂ ಹೇಳಬಹುದಿತ್ತು. ಸೀರೆ ಆರಿಸುವ ಖುಷಿಯಲ್ಲಿರುವವಳಿಗೆ ಇಲಿಮರಿಯ ಸುದ್ದಿ ಯಾಕೆ, ಬಸಿರಾದ ಕೂಡಲೇ ಹೇಳಿದರಾಯಿತು ಅಂದುಕೊಂಡೆ. ಓದಿದವಳ ದಡ್ಡತನಕ್ಕೆ ಮದ್ದಿಲ್ಲ.

ಮಗುವಿನ ಬೆನ್ನು ಕೂಡಿಕೊಳ್ಳುವುದು ಮೊದಲ ತಿಂಗಳಲ್ಲೇ. ನಮ್ಮ ಕಡೆ ಬಸಿರಿನ ಸುದ್ದಿ ಮನೆಯಿಂದ ಹೊರಬೀಳುವುದು ಮೂರು ತಿಂಗಳು ತುಂಬಿದ ಮೇಲೆ. ಮುಂಚೆ ಬಾಯಿಬಿಟ್ಟರೆ ಕಣ್ಣು ತಾಗುತ್ತದಂತೆ. ಎರಡೂ ನನಗೆ ಗೊತ್ತಿದ್ದವು. ಎರಡನ್ನೂ ಒಟ್ಟಿಗಿಟ್ಟು ಒಮ್ಮೆಯೂ ಯೋಚಿಸಲಿಲ್ಲ.

ನಾಲ್ಕನೇ ತಿಂಗಳಲ್ಲಿ ಫೋನ್ ಬಂತು. "ಅಕ್ಕಾ, ದೊಡ್ಡವ್ವ ಆಗಾಕತ್ತಿ ನೋಡು!"

ಯಾದಗಿರಿ ಸ್ಟೇಷನ್ನಿನಲ್ಲಿ ನಿಂತಿದ್ದೆ. ರೈಲು ಬಂತು, ಹೋಯಿತು, ನಾನು ಹತ್ತಲಿಲ್ಲ. ಮಾತ್ರೆ ಒಮ್ಮೆಲೇ ಬಿಡಬೇಡ, ನಾಳೆಯೇ ಡಾಕ್ಟರ ಹತ್ತಿರ ಹೋಗೋಣ ಎಂದಷ್ಟೇ ಹೇಳಿದೆ. ಯಾಕೆಂದು ಅವಳು ಕೇಳಿದಳು. ನಾನು ಹೇಳಲಿಲ್ಲ.

ಸ್ಕ್ಯಾನಿನಲ್ಲಿ ಮಗುವಿನ ಸೊಂಟದ ಹತ್ತಿರ ಬೆನ್ನೆಲುಬು ಕೂಡಿರಲಿಲ್ಲ. ಮಾತ್ರೆಯಿಂದಲೇ ಎಂದು ಖಚಿತವಾಗಿ ಹೇಳಲಾಗದು, ಮಾತ್ರೆ ನುಂಗಿದ ಎಷ್ಟೋ ತಾಯಂದಿರಿಗೆ ಗಟ್ಟಿಮುಟ್ಟಾದ ಮಕ್ಕಳು ಹುಟ್ಟುತ್ತವೆ ಎಂದರು ಡಾಕ್ಟರು. ಆ ಸಮಾಧಾನ ನನಗೆ ಹತ್ತಲಿಲ್ಲ. ಮಗು ಬೇಕು ಎಂದಳು ತಂಗಿ. ಹೆಣ್ಣು ಮಗು ಹುಟ್ಟಿತು, ಎರಡನೇ ದಿನಕ್ಕೇ ಆಪರೇಷನ್ ಆಯಿತು. ಈಗ ಎರಡು ವರ್ಷದವಳು. ಬಾಯಿ ಅಂದರೆ ಬಾಯಿ, ಮನೆಯನ್ನೆಲ್ಲ ಆಳುತ್ತಾಳೆ. ಕಾಲು ಮಾತ್ರ ಎತ್ತುವುದಿಲ್ಲ.

ಹೋದ ತಿಂಗಳು ಶಹಾಪುರಕ್ಕೆ ಹೋದಾಗ ಎಲ್ಲವನ್ನೂ ಹೇಳಿಬಿಟ್ಟೆ. ಲ್ಯಾಬು, ಇಲಿಗಳು, ಅವ್ವನ ಮಾತು. ತಂಗಿ ಮಗುವಿನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು.

"ನಿನಗ ಯಾವಾಗಿಂದ ಗೊತ್ತಿತ್ತು?"

"ನಿನ್ನ ಲಗ್ನಕ್ಕಿಂತ ಮೊದಲ."

ಅವಳು ಇನ್ನೊಂದು ಕಾಲು ಹಿಡಿದು ಅದಕ್ಕೂ ನಿಧಾನವಾಗಿ ಹಚ್ಚಿದಳು.

"ಲಗ್ನ ಮುರೀತದಂತ ನೀ ಸುಮ್ಮನಿದ್ದಿ ಏನಕ್ಕಾ?" ಎಂದಳು. "ಇವರಿಗಿ ನನ್ನ ಬ್ಯಾನಿ ಗೊತ್ತಿತ್ತು. ಕನ್ಯಾ ನೋಡಾಕ ಬಂದ ದಿನಾನೇ ನಾ ಹೇಳಿದ್ದೆ."